ತಪ್ಪಿದ ಸೂಜಿಯನ್ನು ಮುಚ್ಚಿಡಬೇಡಿರಿ



ಹೋದ ಸಲ ಈ ಗೋಡೆ ಪತ್ರಿಕೆಗೆ ನಾನು ಒಗಟು ಬರೆದಿದ್ದೆ. ಈ ಸಲ ನಮ್ಮ ಮನೆಯಲ್ಲಿ ನಡೆದ ಸಂಗತಿ ಬರೆಯುತ್ತೇನೆ. ಚಿಗವ್ವನನ್ನು ಕೇಳಿಯೇ ಬರೆದಿದ್ದೇನೆ.

ನಮ್ಮ ಕಾಕಾ, ಚಿಗವ್ವ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಟ್ಟಡದ ಕೆಲಸ. ಹೋಗುವಾಗ ಅವರ ಕೂಸಿಗೆ ಎರಡು ತಿಂಗಳು. ಒಂದೂವರೆ ತಿಂಗಳಿನ ಸೂಜಿ ಊರಲ್ಲೇ ಆಗಿತ್ತು. ಆಮೇಲೆ ಎರಡೂವರೆ ತಿಂಗಳಿಂದು, ಮೂರೂವರೆ ತಿಂಗಳಿಂದು, ಒಂಬತ್ತು ತಿಂಗಳಿಂದು ಎಲ್ಲಾ ತಪ್ಪಿದವು. ಈ ಪಂಚಮಿಗೆ ಬಂದಾಗ ತಮ್ಮನಿಗೆ ಒಂದೂವರೆ ವರ್ಷ. ಓಡಾಡುತ್ತಾನೆ, ನನ್ನ ಗಣಿತದ ಪುಸ್ತಕ ಹರಿಯುತ್ತಾನೆ.

ಗುರುವಾರ ಅಂಗನವಾಡಿಗೆ ಸಿಸ್ಟರ್ ಬಂದಿದ್ದರು. ಆಶಾ ಅಕ್ಕ ನಮ್ಮ ಬಾಗಿಲಿಗೆ ಬಂದು ಕರೆದರೆ ಚಿಗವ್ವ ಒಳಗಿನಿಂದಲೇ "ಕೂಸು ಮಲಗೇತಿ" ಅಂದಳು. ಕೂಸು ನನ್ನ ತೊಡೆ ಮೇಲೆ ಕೂತು ಶೇಂಗಾದ ಉಂಡಿ ತಿನ್ನುತ್ತಿತ್ತು! ಯಾಕೆ ಸುಳ್ಳು ಹೇಳಿದಿ ಅಂದೆ. ಚಿಗವ್ವ ಅಳಲಿಕ್ಕೆ ಹತ್ತಿದಳು. ಬೆಂಗಳೂರಲ್ಲಿ ಒಮ್ಮೆ ಕೂಸನ್ನು ಎತ್ತಿಕೊಂಡು ಹೋಗಿದ್ದಳಂತೆ. ತಾಯಿ ಕಾರ್ಡು ಊರಲ್ಲೇ ಉಳಿದಿತ್ತು. ಅಲ್ಲಿ ಒಬ್ಬರು ಎಲ್ಲರ ಮುಂದೆ "ಇಷ್ಟು ದಿನ ಎಲ್ಲಿದ್ದೆ? ಮಗು ಬೇಡ್ವಾ ನಿನಗೆ?" ಎಂದು ಬೈದರಂತೆ. ಅವತ್ತು ಹಾಗೇ ವಾಪಸ್ ಬಂದವಳು ಮತ್ತೆ ಹೋಗಲಿಲ್ಲ. "ಈಗ ಹೋದ್ರ ಇಲ್ಲೂ ಬೈತಾರ, ಮೊದಲಿಂದ ಎಲ್ಲಾ ಚುಚ್ಚತಾರ" ಅಂದಳು.

ನಮ್ಮ ಅಜ್ಜಿ, "ಪೋಲಿಯೊ ಹನಿ ಹಾಕಿಸೀವಲ್ಲ, ಸಾಕು ಬಿಡು" ಅಂದಳು. ಅಜ್ಜಿ ಹೇಳಿದ ಹನಿ ಸಣ್ಣದಲ್ಲ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನಿಂದ ಯಾವ ಮಗುವಿನ ಕಾಲೂ ಹೋಗಿಲ್ಲ. 2014ರಲ್ಲಿ ಪೋಲಿಯೊ ಮುಕ್ತ ಎಂದು ಘೋಷಣೆಯೂ ಆಯಿತು. ಆದರೆ ಆ ಹನಿ ಪೋಲಿಯೊವನ್ನು ಮಾತ್ರ ತಡೆಯುತ್ತದೆ. ದಡಾರ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಇವಕ್ಕೆ ಸೂಜಿಯೇ ಬೇಕು. ನಾವು ಗೊಬ್ಬರ ಅನ್ನುವ ದಡಾರ ಗಾಳಿಯಲ್ಲಿ ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ಆ ಕೋಣೆಯ ಗಾಳಿಯಲ್ಲಿ ಅದರ ವೈರಸ್ ಇರಬಹುದು.

ಸಂಜೆ ನಾನೇ ಕಾರ್ಡು ಹಿಡಿದು ಆಶಾ ಅಕ್ಕನ ಮನೆಗೆ ಹೋದೆ. ಅಕ್ಕ ಬೈಯಲಿಲ್ಲ. ಮೊದಲಿಂದ ಶುರು ಮಾಡುವುದೇ ಇಲ್ಲ, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದೆ ಹಾಕುತ್ತಾರೆ ಅಂದರು. ಜ್ವರ ಬಂದು ಶಾಲೆ ತಪ್ಪಿಸಿದವರಿಗೆ ಸರ್ ಏಳರ ಮಗ್ಗಿಯಿಂದ ಮುಂದೆ ಹೇಳಿಕೊಡುತ್ತಾರೆಯೇ ಹೊರತು ಒಂದರ ಮಗ್ಗಿಗೆ ಕೂಡಿಸುವುದಿಲ್ಲವಲ್ಲ, ಹಾಗೆ. ಹಿಂದೆ ಹಾಕಿದ್ದನ್ನು ದೇಹ ಮರೆತಿರುವುದಿಲ್ಲ. ಒಂದೇ ಲಸಿಕೆಯ ಎರಡು ಡೋಸುಗಳ ನಡುವೆ ಕಡಿಮೆ ಅಂದರೂ ನಾಲ್ಕು ವಾರ ಬಿಡಬೇಕು. ಬೇರೆ ಬೇರೆ ಲಸಿಕೆಗಳನ್ನು ಒಂದೇ ದಿನ ಬೇರೆ ಬೇರೆ ಜಾಗಕ್ಕೆ ಹಾಕಬಹುದು. ಸಣ್ಣ ನೆಗಡಿ ಇದ್ದರೂ ಅಡ್ಡಿಯಿಲ್ಲ. ದಡಾರ-ರುಬೆಲ್ಲಾ ಸೂಜಿ ತಪ್ಪಿದ್ದರೆ ಐದು ವರ್ಷದವರೆಗೂ ಹಾಕುತ್ತಾರೆ. ಬಿಸಿಜಿ ಮಾತ್ರ ಒಂದು ವರ್ಷದೊಳಗೆ ಆಗಬೇಕು. ಕಾರ್ಡು ಕಳೆದಿದ್ದರೂ ಹೋಗಬೇಕು, ಎಲ್ಲಿ ಹಾಕಿಸಿದ್ದರೋ ಅಲ್ಲಿಯ ರಜಿಸ್ಟರಿನಲ್ಲಿ ನೋಡಬಹುದು.

ಮಾರನೆಯ ಗುರುವಾರ ತಮ್ಮನಿಗೆ ಮೂರು ಸೂಜಿ, ಬಾಯಿಗೆ ಎರಡು ಹನಿ ಆಯಿತು. ರಾತ್ರಿ ಜ್ವರ ಬಂತು. ಅಜ್ಜಿ ನನ್ನನ್ನೇ ಬೈದಳು. ಬೆಳಗಾಗುವುದರಲ್ಲಿ ಜ್ವರ ಇಳಿದು ಮತ್ತೆ ನನ್ನ ಪುಸ್ತಕಕ್ಕೆ ಬಂದ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ತಪ್ಪಿಸಬಾರದಿತ್ತು ಎಂದು ಬೈದವರ ಮಾತು ಸುಳ್ಳಲ್ಲ. ಆದರೆ ಒಂದು ಬೈಗುಳದಿಂದ ಕೂಸಿಗೆ ತಿಂಗಳುಗಟ್ಟಲೆ ಸೂಜಿ ಇಲ್ಲದಂತಾಯಿತು. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದು ಸೂಜಿ ಹಾಕಿ, ಆಮೇಲೆ ಬುದ್ಧಿ ಹೇಳಲಿ. ಎರಡನೆಯದು, ನಮ್ಮ ಅನೇಕ ತಾಯಂದಿರಿಗೆ ಕಾರ್ಡು ಓದಲು ಬರುವುದಿಲ್ಲ. ನಮಗೆ ಬರುತ್ತದೆ. ಮನೆಯಲ್ಲಿ ಐದು ವರ್ಷದೊಳಗಿನ ತಮ್ಮ ತಂಗಿ ಇದ್ದವರು ಇವತ್ತೇ ಕಾರ್ಡು ತೆಗೆದು ಖಾಲಿ ಮನೆಗಳನ್ನು ನೋಡಿರಿ. ಹೆಡ್ ಮಾಸ್ತರರಲ್ಲಿ ನನ್ನ ವಿನಂತಿ ಏನೆಂದರೆ, ಒಂದನೇ ತರಗತಿಗೆ ಹೆಸರು ಹಚ್ಚುವಾಗ ಕಾರ್ಡನ್ನೂ ಕೇಳಬೇಕು. ಕಾರ್ಡು ಇಲ್ಲವೆಂದು ಯಾರನ್ನೂ ವಾಪಸ್ ಕಳಿಸಬಾರದು. ಐದರಿಂದ ಆರು ವರ್ಷಕ್ಕೆ ಡಿಪಿಟಿ ಬೂಸ್ಟರ್ ಇರುತ್ತದೆ. ಹೆಚ್ಚು ಕಡಿಮೆ ಅದೇ ವಯಸ್ಸಿಗೆ ಮಕ್ಕಳು ಶಾಲೆಗೆ ಬರುವುದು.

ನಾವು ಐದನೇ ತರಗತಿಯಲ್ಲಿದ್ದಾಗ ಟಿಡಿ ಸೂಜಿಯ ದಿನ ಮೂರು ಮಂದಿ ಕಂಪೌಂಡ್ ಹಾರಿ ಓಡಿದ್ದರು. ಹೆಸರು ಬರೆಯುವುದಿಲ್ಲ, ಅವರೂ ಇದನ್ನು ಓದುತ್ತಿದ್ದಾರೆ. ಅವರದೂ ತಪ್ಪಿದ ಸೂಜಿಯೇ.

ಕಾಕಾ, ಚಿಗವ್ವ ಬರುವ ಸೋಮವಾರ ಮತ್ತೆ ಬೆಂಗಳೂರಿಗೆ ಹೋಗುತ್ತಾರೆ. ಸರಕಾರಿ ದವಾಖಾನೆ ಯಾವುದಾದರೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ ಅಂತ ಆಶಾ ಅಕ್ಕ ಹೇಳಿದ್ದಾರೆ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚಿಗವ್ವನ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಮುಂದಿನ ಸೂಜಿಯ ತಾರೀಖನ್ನು ನನ್ನ ಕಂಪಾಸ್ ಡಬ್ಬಿಯ ಮುಚ್ಚಳದೊಳಗೆ ಬರೆದುಕೊಂಡಿದ್ದೇನೆ. ಹಿಂದಿನ ದಿನ ಅಪ್ಪನ ಫೋನಿನಿಂದ ಚಿಗವ್ವನಿಗೆ ಫೋನ್ ಮಾಡುತ್ತೇನೆ.

— 7ನೇ ತರಗತಿಯ ವಿದ್ಯಾರ್ಥಿನಿ