ಅಂಗೈಯಲ್ಲಿ ಲೆಕ್ಕದ ಪುಸ್ತಕ



ಯುಗಾದಿ ಕಾರ್ಯಕ್ರಮದ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗನೊಬ್ಬ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ: “ಆಂಟಿ, ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿದುಹೋಗತ್ತೆ. ಎಲ್ಲಿ ಹೋಯ್ತು ಅಂತಾನೇ ಗೊತ್ತಾಗೋದಿಲ್ಲ. ಮೊಬೈಲಲ್ಲಿ ಲೆಕ್ಕ ಇಡೋಕೆ ಯಾವ ಆ್ಯಪ್ ಹಾಕಿಕೊಳ್ಳಲಿ?”

ಇಂಗ್ಲಿಷ್ ಬಿ.ಎ. ಓದಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವಳನ್ನು ಕಂಪ್ಯೂಟರ್ ಕಲಿತ ಹುಡುಗ ಇದನ್ನು ಕೇಳಿದನಲ್ಲ ಎಂದು ನಗು ಬಂತು. ಆದರೆ ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಮನೆಯವರು ಕಳೆದ ವರ್ಷ ಕಷ್ಟಪಟ್ಟೇ ಕಲಿತೆವು. ಪಂಕ್ತಿಯಲ್ಲಿ ಅಷ್ಟೆಲ್ಲ ಹೇಳಲಾಗಲಿಲ್ಲ. ಅದಕ್ಕೇ ಈ ಸಲದ ಅಂಕಣ ಅವನಿಗೂ ಅವನಂತಹ ನಿಮ್ಮೆಲ್ಲರಿಗೂ.

ನಮ್ಮ ಅತ್ತೆಯವರು ಹಾಸನದ ಕಡೆಯವರು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದ್ದರು. ಹಾಲು, ತರಕಾರಿ, ಧೋಬಿ, ಶಾಲೆಯ ಫೀಸು ಎಲ್ಲ ಅದರಲ್ಲಿ. ಹಿಂಬದಿಯಿಂದ ತೆರೆದರೆ ಮುಯ್ಯಿಯ ಲೆಕ್ಕ. ಈ ಮಾತು ನಿಮ್ಮಲ್ಲಿ ಕೆಲವರಿಗೆ ಹೊಸದಿರಬಹುದು. ಯಾರ ಮನೆಯ ಮದುವೆಗೆ ನಾವೆಷ್ಟು ಕೊಟ್ಟೆವು, ನಮ್ಮ ಮನೆಯ ಮದುವೆಗೆ ಅವರೇನು ತಂದರು ಎನ್ನುವುದೇ ಮುಯ್ಯಿ. ಆ ಪುಸ್ತಕವನ್ನು ಮನೆಯಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಅದೆಷ್ಟು ದೊಡ್ಡ ಗುಣ ಎಂದು ಆಗ ನನಗೆ ತಿಳಿಯಲಿಲ್ಲ.

ಅತ್ತೆಯವರ ನಂತರ ಮನೆಖರ್ಚಿನ ಪುಸ್ತಕ ನನ್ನ ಕೈಗೆ ಬಂತು. ಬ್ಯಾಂಕು, ಠೇವಣಿ, ವಿಮೆ ಇವೆಲ್ಲ ನಮ್ಮ ಯಜಮಾನರ ಪಾಲು. ಐದಾರು ವರ್ಷದ ಹಿಂದೆ ಅವರು ಅದನ್ನೆಲ್ಲ ಮೊಬೈಲಿನ ಒಂದು ಆ್ಯಪ್‌ಗೆ ಏರಿಸಿದರು. ಕಾಗದಪತ್ರದ ಕಾಟ ತಪ್ಪಿತೆಂದು ನನಗೂ ಸಂತೋಷವಾಗಿತ್ತು.

ಕಳೆದ ವರ್ಷ ಗಣೇಶ ಚೌತಿಯ ಮರುದಿನ ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಅವರನ್ನು ಐಸಿಯು ಒಳಗೆ ಕರೆದೊಯ್ದರು. ಕೌಂಟರಿನಲ್ಲಿ ಮೆಡಿಕ್ಲೇಮ್ ಪಾಲಿಸಿ ನಂಬರ್ ಕೇಳಿದರು. ಅದು ಅವರ ಮೊಬೈಲಿನಲ್ಲಿತ್ತು. ಮೊಬೈಲು ನನ್ನ ಕೈಯಲ್ಲೇ ಇತ್ತು. ಅದನ್ನು ತೆರೆಯುವ ಹೆಬ್ಬೆರಳು ಮಾತ್ರ ಗಾಜಿನ ಬಾಗಿಲಿನ ಆಚೆಗಿತ್ತು. ಮುಂಗಡಕ್ಕೆ ಪಕ್ಕದ ಮನೆಯವರು ಹಣ ಹೊಂದಿಸಿಕೊಟ್ಟರು. ಸಂಜೆ ಮಗಳು ಬಂದು ಬೀರುವನ್ನೆಲ್ಲ ಜಾಲಾಡಿದ ಮೇಲೆ ಪ್ರೀಮಿಯಂ ಕಟ್ಟಿದ ಹಳೆಯ ರಶೀದಿಯೊಂದು ಸಿಕ್ಕಿತು.

ದೇವರ ದಯೆ, ಅವರು ಗುಣವಾಗಿ ಮನೆಗೆ ಬಂದರು. “ಆ ಪುಸ್ತಕ ನನಗೂ ಸ್ವಲ್ಪ ತೋರಿಸಿ” ಎಂದೆ. ನಾನು ಕೇಳಿಯೇ ಇರದ ಒಂದು ಠೇವಣಿ ಅದರಲ್ಲಿತ್ತು. ಬಚ್ಚಿಟ್ಟದ್ದಲ್ಲ, ಹೇಳಬೇಕೆಂದು ಹೊಳೆದಿರಲಿಲ್ಲ ಅಷ್ಟೆ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಹಾಲಿನ ಲೆಕ್ಕ ಗೊತ್ತು, ಅವರಿಗೆ ಠೇವಣಿಯ ಲೆಕ್ಕ ಗೊತ್ತು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಿರಲಿಲ್ಲ. ಎಲ್ಲವನ್ನೂ ಕಾಗದದ ಮೇಲೆ ಇಳಿಸೋಣವೆಂದರೆ ಆ ಆ್ಯಪ್‌ನಿಂದ ಒಂದು ಸಾಲೂ ಹೊರಗೆ ಬರಲೊಲ್ಲದು. ಅವರು ಓದುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಎರಡು ಸಂಜೆ ಹಿಡಿಯಿತು.

ಮುಂದಿನ ಭಾನುವಾರ ಮಗಳನ್ನು ಕೂರಿಸಿಕೊಂಡು ಹೊಸ ಆ್ಯಪ್ ಹುಡುಕಲು ಹೊರಟೆವು. ಆಗ ನಾವು ಕೇಳಿಕೊಂಡ ಐದು ಪ್ರಶ್ನೆಗಳನ್ನು ನಿಮಗೂ ಕೊಡುತ್ತೇನೆ.

ಮೊದಲನೆಯದು, ಪುಸ್ತಕದಲ್ಲಿ ಬರೆಯುವವರು ಯಾರು? ಕೆಲವು ಆ್ಯಪ್‌ಗಳು ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ ಓದಿ ತಾವೇ ಲೆಕ್ಕ ಬರೆದುಕೊಳ್ಳುತ್ತವೆ. ಸುಲಭವೇನೋ ಹೌದು. ಆದರೆ ಕೈಯಿಂದ ಕೊಟ್ಟ ನಗದು ಅವಕ್ಕೆ ಕಾಣುವುದಿಲ್ಲ. ಐಫೋನಿನಲ್ಲಿ ಬೇರೆ ಆ್ಯಪ್‌ಗಳು ಎಸ್ಸೆಮ್ಮೆಸ್ ಓದಲಿಕ್ಕೇ ಬಿಡುವುದಿಲ್ಲ. ಅಲ್ಲದೆ 2016ರಲ್ಲಿ ಯುಪಿಐ ಬಂದ ಮೇಲೆ ಹತ್ತು ರೂಪಾಯಿಯ ಚಹಾಕ್ಕೂ ನಾವು ಮೊಬೈಲ್ ಎತ್ತುತ್ತೇವೆ. ಒಂದು ದೊಡ್ಡ ಖಾಸಗಿ ಬ್ಯಾಂಕು 2024ರ ಜೂನ್‌ನಿಂದ ನೂರು ರೂಪಾಯಿಗಿಂತ ಕಡಿಮೆಯ ಯುಪಿಐ ಖರ್ಚಿಗೆ ಎಸ್ಸೆಮ್ಮೆಸ್ ಕಳಿಸುವುದನ್ನೇ ನಿಲ್ಲಿಸಿತು. ನಿಮ್ಮ ಸಂಬಳ ಸೋರುವುದು ಅಲ್ಲೇ: ವಡಾಪಾವು, ಆಟೋ, ಸಂಜೆಯ ಕಾಫಿ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಉಳಿತಾಯಕ್ಕೆ ಮಾತ್ರವಲ್ಲ, ಸೋರಿಕೆಗೂ ಸಲ್ಲುವ ಮಾತು. ನೀವೇ ಬೆರಳಿನಿಂದ ‘ಚಹಾ 20’ ಎಂದು ಒತ್ತಬೇಕಾದಾಗ ಮುಂದಿನ ಸಲ ಒಂದು ಕ್ಷಣ ಯೋಚಿಸುತ್ತೀರಿ. ಆದ್ದರಿಂದ ಮೂರು ಸಲ ಒತ್ತುವುದರೊಳಗೆ ಖರ್ಚು ಬರೆದು ಮುಗಿಯುವಂತಹ ಆ್ಯಪ್ ಆರಿಸಿ. ಐದು ಸಲ ಒತ್ತಬೇಕಾದರೆ ವಾರದೊಳಗೆ ಬಿಟ್ಟುಬಿಡುತ್ತೀರಿ.

ಎರಡನೆಯದು, ಪುಸ್ತಕ ಇರುವುದೆಲ್ಲಿ, ಅದನ್ನು ಓದುವವರು ಯಾರು? ಕೆಲವು ಆ್ಯಪ್‌ಗಳಲ್ಲಿ ಲೆಕ್ಕ ನಿಮ್ಮ ಮೊಬೈಲಿನಲ್ಲೇ ಉಳಿಯುತ್ತದೆ. ಕೆಲವದರಲ್ಲಿ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಮೊದಲನೆಯದರಲ್ಲಿ ಗುಟ್ಟು ಉಳಿಯುತ್ತದೆ, ಆದರೆ ಲೋಕಲ್ ಟ್ರೈನಿನಲ್ಲಿ ಮೊಬೈಲ್ ಕಳೆದರೆ ಲೆಕ್ಕವೂ ಹೋಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬೇರೆಡೆ ಒಂದು ಪ್ರತಿ ತೆಗೆದಿಡಬೇಕು. ಎರಡನೆಯದರಲ್ಲಿ ಪ್ರತಿಯ ಚಿಂತೆಯಿಲ್ಲ, ಆದರೆ ಷರತ್ತುಗಳನ್ನು ಓದಬೇಕು. ನನ್ನ ಇಂಗ್ಲಿಷ್ ಬಿ.ಎ. ಕೊನೆಗೂ ಉಪಯೋಗಕ್ಕೆ ಬಂದದ್ದು ಇಲ್ಲೇ! ಖರ್ಚು ಬರೆಯುವ ಆ್ಯಪ್‌ಗೆ ನಿಮ್ಮ ಗೆಳೆಯರ ಫೋನ್ ನಂಬರುಗಳು ಯಾಕೆ ಬೇಕು? ಫೋಟೋಗಳು ಯಾಕೆ ಬೇಕು? ಕೇಳಿದರೆ ‘ಬೇಡ’ ಎನ್ನಿ. ಬೇಡವೆಂದರೆ ಕೆಲಸವನ್ನೇ ಮಾಡದ ಆ್ಯಪ್ ಆದರೆ ಅದು ನಿಮಗೆ ಬೇಡ. ಹಲವು ಬ್ಯಾಂಕುಗಳ ಲೆಕ್ಕ ಒಂದೇ ಕಡೆ ನೋಡಲೇಬೇಕೆಂದರೆ 2021ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ‘ಅಕೌಂಟ್ ಅಗ್ರಿಗೇಟರ್’ ವ್ಯವಸ್ಥೆ ಇದೆ. ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಯಾವ ಮಾಹಿತಿ, ಯಾರಿಗೆ, ಎಷ್ಟು ದಿನಕ್ಕೆ ಎಂದು ಹೇಳಿ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ತೆಗೆದುಕೊಳ್ಳಬಹುದು. ಬ್ಯಾಂಕಿನ ಪಾಸ್‌ವರ್ಡನ್ನೇ ಕೇಳುವ ಆ್ಯಪ್‌ನ ಹತ್ತಿರ ಸುಳಿಯಬೇಡಿ.

ಮೂರನೆಯದು, ಆ್ಯಪ್‌ನವರ ಸಂಪಾದನೆ ಯಾವುದು? ಪುಕ್ಕಟೆಯಾಗಿ ಲೆಕ್ಕ ಬರೆದುಕೊಡುವ ಗುಮಾಸ್ತನಿಗೆ ಸಂಬಳ ಯಾರೋ ಕೊಡುತ್ತಿರಲೇಬೇಕಲ್ಲ? ಎಸ್ಸೆಮ್ಮೆಸ್ ಓದಿ ಲೆಕ್ಕ ಇಡುತ್ತಿದ್ದ ‘ವಾಲ್‌ನಟ್’ ಎಂಬ ಆ್ಯಪ್ ನಮ್ಮ ದೇಶದಲ್ಲಿ ಹೆಸರು ಮಾಡಿತ್ತು. 2018ರಲ್ಲಿ ಅದನ್ನು ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ಕೊಡುವ ಸಂಸ್ಥೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ತಾರೀಖಿಗೆ ನಿಮ್ಮ ಜೇಬು ಬರಿದಾಗುತ್ತದೆ ಎಂಬುದು ಸಾಲ ಕೊಡುವವರಿಗೆ ಎಷ್ಟು ಉಪಯೋಗದ ಸಂಗತಿ ಎಂದು ಯೋಚಿಸಿ ನೋಡಿ. ಸಾಲದ ಆ್ಯಪ್‌ಗಳು ಮೊಬೈಲಿನ ನಂಬರುಗಳ ಪಟ್ಟಿ, ಫೋಟೋ, ಕರೆಗಳ ವಿವರ ನೋಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯುವ ಭಯ ಇಲ್ಲದಿದ್ದರೆ ಅಂತಹ ನಿಯಮ ಯಾಕೆ ಬರುತ್ತಿತ್ತು? ಲೆಕ್ಕ ಬರೆಯಲು ಕೂತಾಗ ‘ಸಾಲ ಬೇಕೇ’ ಎಂದು ಮಧ್ಯೆ ಬಾಯಿ ಹಾಕುವ ಆ್ಯಪ್‌ಗಿಂತ ವರ್ಷಕ್ಕೆ ಇಷ್ಟು ಕೊಡಿ ಎಂದು ನೇರವಾಗಿ ಕೇಳುವ ಆ್ಯಪ್ ಮೇಲು.

ನಾಲ್ಕನೆಯದು, ಬರೆದದ್ದನ್ನು ಹೊರಗೆ ತರಬಹುದೇ? ಆ್ಯಪ್‌ಗಳಿಗೂ ಆಯುಸ್ಸು ಇದೆ, ಮಕ್ಕಳೇ. ಬಹಳ ಜನ ಕಂಪ್ಯೂಟರಿನಲ್ಲಿ ಬಳಸುತ್ತಿದ್ದ ಮೈಕ್ರೋಸಾಫ್ಟ್ ಮನಿಯ ಮಾರಾಟ 2009ರಲ್ಲಿ ನಿಂತಿತು. ಅಮೆರಿಕದಲ್ಲಿ 2007ರಲ್ಲಿ ಆರಂಭವಾಗಿ ಮನೆಮಾತಾಗಿದ್ದ ‘ಮಿಂಟ್’ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅಂಗಡಿ ಮುಚ್ಚಿದಾಗ ನಿಮ್ಮ ಪುಸ್ತಕ ನಿಮ್ಮ ಕೈಯಲ್ಲಿರಬೇಕಾದರೆ ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಇರಬೇಕು. ಅದು ‘ಸಿಎಸ್‌ವಿ’ ಎಂಬ ಫೈಲ್ ಕೊಟ್ಟರೆ ಸಾಕು. ಎಕ್ಸೆಲ್ ಅದನ್ನು ಓದುತ್ತದೆ, ಬೇರೆ ಆ್ಯಪ್‌ಗಳೂ ಸಾಮಾನ್ಯವಾಗಿ ಓದುತ್ತವೆ. ಹಾಕಿಕೊಂಡ ಮೊದಲ ದಿನವೇ ಹತ್ತು ಖರ್ಚು ಬರೆದು ಆ ಗುಂಡಿ ಒತ್ತಿ ಪರೀಕ್ಷಿಸಿ. ಐದು ವರ್ಷದ ಲೆಕ್ಕ ತುಂಬಿದ ಮೇಲೆ ಪರೀಕ್ಷಿಸಿದರೆ ನಮ್ಮ ಹಾಗೆ ಎರಡು ಸಂಜೆ ಕೂರಬೇಕಾಗುತ್ತದೆ.

ಐದನೆಯದನ್ನು ಯಾವ ಜಾಹೀರಾತಿನಲ್ಲೂ ಕಾಣಲಾರಿರಿ. ನೀವು ಇಲ್ಲದಾಗ, ಅಥವಾ ಕೈಲಾಗದೆ ಮಲಗಿದಾಗ, ನಿಮ್ಮವರೊಬ್ಬರು ಇದನ್ನು ಓದಬಲ್ಲರೇ? ನಮ್ಮ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು, ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಎನ್ನುವುದು ಅವರ ಯೋಚನೆ. ಅದು ಹೆಚ್ಚು ಜನರನ್ನು ತಲುಪಲಿಲ್ಲ. ಗೆದ್ದದ್ದು ಒಬ್ಬರ ಹೆಬ್ಬೆರಳಿಗೆ ಮಾತ್ರ ತೆರೆಯುವ ಮೊಬೈಲು. ಕಳ್ಳರಿಂದ ಕಾಪಾಡುವ ಆ ಬೀಗ ಕಷ್ಟಕಾಲದಲ್ಲಿ ಮನೆಯವರನ್ನೂ ಹೊರಗೇ ನಿಲ್ಲಿಸುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಸೇರುತ್ತದೆ. ಅಂತಹ ಹಣವನ್ನು ಹುಡುಕಲು 2023ರ ಆಗಸ್ಟ್‌ನಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೇ ತೆರೆದರು. ಆ ಹಣದಲ್ಲಿ ಎಷ್ಟು ಭಾಗ ಮನೆಯವರಿಗೆ ಹೇಳಲು ಹೊಳೆಯದೇ ಹೋದದ್ದೋ ಎಂದು ನಮ್ಮ ಠೇವಣಿ ಕಂಡಾಗಿನಿಂದ ಯೋಚಿಸುತ್ತೇನೆ.

ಕೊನೆಗೆ ನಾವು ಆರಿಸಿದ್ದು ಆಂಡ್ರಾಯ್ಡ್ ಮೊಬೈಲಿನ ‘ಮೈ ಎಕ್ಸ್‌ಪೆನ್ಸಸ್’. ಅದು ಮುಕ್ತ ತಂತ್ರಾಂಶ. ಲೆಕ್ಕ ಮೊಬೈಲಿನಲ್ಲೇ ಇರುತ್ತದೆ, ಸಿಎಸ್‌ವಿ ಆಗಿ ಹೊರಗೂ ಬರುತ್ತದೆ. ಹೆಚ್ಚಿನ ಸೌಲಭ್ಯಕ್ಕೆ ಮಾತ್ರ ಹಣ ಕೇಳುತ್ತಾರೆ. ನಿಮಗೆ ಬೇರೊಂದು ಹಿಡಿಸಬಹುದು, ಐದು ಪ್ರಶ್ನೆಗೆ ಉತ್ತರ ಕೊಟ್ಟರೆ ಸರಿ. ಖರ್ಚಿನ ತಲೆಬರಹಗಳನ್ನು ನಾನು ಕನ್ನಡದಲ್ಲೇ ಹಾಕಿಕೊಂಡಿದ್ದೇನೆ: ಹಾಲು, ಹೂವು-ಹಣ್ಣು, ಔಷಧಿ. ಯಾವ ಆ್ಯಪ್‌ನಲ್ಲೂ ತಾನಾಗಿ ಕಾಣದ ‘ಮುಯ್ಯಿ’ಯನ್ನೂ ಸೇರಿಸಿದೆ. ಅತ್ತೆಯವರು ನೋಡಿದ್ದರೆ ನಗುತ್ತಿದ್ದರು. ತಿಂಗಳ ಮೊದಲ ಭಾನುವಾರ ಇಬ್ಬರೂ ಕೂತು ಎರಡೂ ಪುಸ್ತಕ ಒಟ್ಟಿಗೆ ನೋಡುತ್ತೇವೆ. ಒಂದು ಪ್ರತಿ ಮಗಳಿಗೆ ಕಳಿಸುತ್ತೇವೆ. ಯಾವ ಬ್ಯಾಂಕು, ಯಾವ ಪಾಲಿಸಿ, ಕಾಗದ ಎಲ್ಲಿದೆ ಎಂದು ಬರೆದ ಒಂದು ಹಾಳೆ ಬೀರುವಿನಲ್ಲಿದೆ. ಪಿನ್ನು, ಪಾಸ್‌ವರ್ಡುಗಳನ್ನು ಮಾತ್ರ ಆ ಹಾಳೆಯಲ್ಲೂ ಬರೆದಿಲ್ಲ, ಆ್ಯಪ್‌ನಲ್ಲೂ ಬರೆದಿಲ್ಲ.

ಪಂಕ್ತಿಯಲ್ಲಿ ಕೇಳಿದ ಹುಡುಗನಿಗೆ ಇಷ್ಟು ಹೇಳುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಆದರೆ ಹಾಸಿಗೆ ಎಷ್ಟುದ್ದ ಎಂದು ಮೊದಲು ಅಳೆಯಬೇಕಲ್ಲ, ಮಗು? ಒಂದು ತಿಂಗಳು ಬಿಡದೆ ಬರೆ. ಮತ್ತು ಈ ಭಾನುವಾರ ಅಪ್ಪನ ಪಕ್ಕ ಕೂತು ಕೇಳು: “ಅಪ್ಪಾ, ನಿಮ್ಮ ಮೆಡಿಕ್ಲೇಮ್ ಕಾಗದ ಎಲ್ಲಿಟ್ಟಿದ್ದೀರಿ?” ಮೊದಲು ಸ್ವಲ್ಪ ಗದರಿಸಿಯಾರು. ಆಮೇಲೆ ತೋರಿಸುತ್ತಾರೆ.

ನಿಮ್ಮ ಅನುಭವವನ್ನೂ ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾನಿದ್ದೇನೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.