ಒಂದೇ ಚಾಪೆಯ ಮೇಲೆ ಕೂತು ಜಗಳವಾಡೋಣ

ಸಾಮರಸ್ಯ ಎಂಬ ಮಾತು ನಮ್ಮ ಕೇರಿಗೆ ಬರುವುದು ಯಾವಾಗ? ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಯಾಕೆ ಎಂದು ಕೇಳಿದಾಗ. ಗುಡಿಯ ಮೆಟ್ಟಿಲು ಹತ್ತಿದಾಗ. ಕೂಲಿ ಹೆಚ್ಚು ಮಾಡಿ ಅಂದಾಗ. ಅಲ್ಲಿಯತನಕ ಎಲ್ಲೋ ಅಡಗಿ ಕೂತಿರುವ ಈ ಸಾಮರಸ್ಯ ಅವತ್ತು ಸಂಜೆಗೇ ಶಾಂತಿಸಭೆಯಾಗಿ ಬರುತ್ತದೆ. ಬರುವಾಗ ಬುದ್ಧನ ಫೋಟೋ ಹಿಡಿದುಕೊಂಡೇ ಬರುತ್ತದೆ. "ನಿಮ್ಮ ಬುದ್ಧನೇ ಶಾಂತಿ ಹೇಳಿಲ್ವೇನ್ರಪ್ಪಾ? ಅವರವರ ಅಭಿಪ್ರಾಯ ಅವರವರಿಗೆ. ಹೊಂದ್ಕೊಂಡು ಹೋಗಿ" ಅಂತ ನಮಗೇ ಬುದ್ಧಿ ಹೇಳುತ್ತದೆ.

ಈ ಬುದ್ಧನನ್ನು ನಾವು ಒಪ್ಪುವುದಿಲ್ಲ. ಇವನು ಪಟ್ಟಭದ್ರರ ಷೋಕೇಸಿನಲ್ಲಿ ಕಣ್ಣು ಮುಚ್ಚಿ ಕೂತವನು. ಕೋಸಂಬಿಯ ಜಗಳಕ್ಕೆ ಎದುರಾಗಿ ನಿಂತ ಬುದ್ಧ ಬೇರೆ.

ಆ ಜಗಳದ ಕತೆ ವಿನಯಪಿಟಕದ ಮಹಾವಗ್ಗದಲ್ಲಿದೆ. ಒಬ್ಬ ಭಿಕ್ಕು ತಪ್ಪು ಮಾಡಿದನೋ ಇಲ್ಲವೋ ಎಂಬುದೇ ವಿಷಯ. ಪಾಯಿಖಾನೆಯ ಪಾತ್ರೆಯಲ್ಲಿ ನೀರು ಉಳಿಸಿ ಬಂದದ್ದೇ ಆ ತಪ್ಪು ಎನ್ನುತ್ತದೆ ಅಟ್ಠಕಥೆ. ಉಳಿದ ಅಷ್ಟು ನೀರಿಗೆ ಸಂಘ ಎರಡು ಹೋಳಾಯಿತು. ಬುದ್ಧ ತಿಳಿಹೇಳಿದ. ಕೇಳಲಿಲ್ಲ. ನೀವು ಆರಾಮಾಗಿರಿ, ಈ ಜಗಳ ನಾವು ನೋಡ್ಕೋತೀವಿ ಎನ್ನುವ ಹಾಗೆ ಗುರುವನ್ನೇ ಪಕ್ಕಕ್ಕೆ ಸರಿಸಿದರು. ಬುದ್ಧ ಪಾರಿಲೇಯ್ಯಕದ ಕಾಡಿಗೆ ನಡೆದುಬಿಟ್ಟ. ಹಾಗಾದರೆ ಈ ಭಿಕ್ಕುಗಳನ್ನು ದಾರಿಗೆ ತಂದವರು ಯಾರು? ಕೋಸಂಬಿಯ ಉಪಾಸಕರು, ಸಂಸಾರಸ್ಥ ಜನ. ಕೈಮುಗಿಯುವುದನ್ನು ನಿಲ್ಲಿಸಿದರು. ಭಿಕ್ಷೆ ನೀಡುವುದನ್ನು ನಿಲ್ಲಿಸಿದರು. ಹೊಟ್ಟೆ ಚುರುಗುಟ್ಟಿದ ಮೇಲೆ ಎರಡೂ ಬಣ ಬುದ್ಧನಿದ್ದ ಸಾವತ್ಥಿಯ ದಾರಿ ಹಿಡಿದವು.

ಇವರ ಜೊತೆ ಹೇಗೆ ನಡೆದುಕೊಳ್ಳಲಿ ಎಂದು ಸಾವತ್ಥಿಯ ಅನಾಥಪಿಂಡಿಕ ಕೇಳಿದ. ಬುದ್ಧ ಕೊಟ್ಟ ಉತ್ತರದಲ್ಲಿ ಮೂರು ಮಾತಿವೆ. ಎರಡೂ ಕಡೆಗೂ ದಾನ ಕೊಡು. ಎರಡೂ ಕಡೆಯ ಮಾತು ಕೇಳು. ಕೇಳಿದ ಮೇಲೆ ಧಮ್ಮದ ಪರ ಇರುವವರ ಅಭಿಪ್ರಾಯವನ್ನು ಒಪ್ಪು.

ಗೆಳೆಯರೇ, ಶಾಂತಿಸಭೆಯ ದೊಡ್ಡ ಮನುಷ್ಯರು ನುಂಗಿಹಾಕುವುದು ಈ ಮೂರನೆಯ ಮಾತನ್ನು. ಎಲ್ಲರ ಮಾತು ಕೇಳುವುದು ಬೇರೆ, ಎಲ್ಲರದೂ ಸರಿ ಅಂತ ತಲೆ ಆಡಿಸುವುದು ಬೇರೆ. ಅಸ್ಪೃಶ್ಯತೆ ಯಾರ ಅಭಿಪ್ರಾಯವೂ ಅಲ್ಲ. ಸಂವಿಧಾನದ 17ನೆಯ ವಿಧಿಯ ಪ್ರಕಾರ ಅದು ಅಪರಾಧ. ಅಪರಾಧದ ಜೊತೆ ಎಂಥ ಹೊಂದಾಣಿಕೆ?

ಇನ್ನೊಂದು ಮಾತು. ಸಂಘದಲ್ಲಿ ಜಗಳವಾಡಿದವರು ಒಂದೇ ಸಾಲಿನಲ್ಲಿ ಕೂತು ಜಗಳವಾಡಿದರು. ಶಾಕ್ಯರ ಮಕ್ಕಳು ದೀಕ್ಷೆಗೆ ಬಂದಾಗ, ನಮ್ಮ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿ, ಅವನಿಗೆ ಕೈಮುಗಿದು ನಮ್ಮ ಸೊಕ್ಕು ಇಳಿಯಲಿ ಎಂದು ಅವರೇ ಕೇಳಿಕೊಂಡರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವನು ಅದೇ ಉಪಾಲಿ. ಮೊದಲು ಚಾಪೆ ಒಂದಾಗಲಿ, ಆಮೇಲೆ ಸಾಮರಸ್ಯದ ಮಾತು.

ಕೇಳಿಸಿಕೊಳ್ಳುವ ಈ ಪಾಠ ನಮ್ಮ ನೆಲದಲ್ಲೇ ಕಲ್ಲಿನ ಮೇಲೆ ಬರೆದಿತ್ತು. ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕಿದ ಅಶೋಕನ ಶಾಸನಗಳಲ್ಲಿ 12ನೆಯದೂ ಒಂದು. ನಿನ್ನ ಪಂಥವನ್ನು ಹೊಗಳಲು ಇನ್ನೊಬ್ಬರದನ್ನು ತೆಗಳಬೇಡ, ಒಬ್ಬರ ಧಮ್ಮವನ್ನು ಇನ್ನೊಬ್ಬರು ಕೇಳಿ ಎಂಬುದು ಅದರ ತಿರುಳು. ಆ ಕಲ್ಲು ಎಲ್ಲಿತ್ತು ಗೊತ್ತೆ? ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯೊಳಗೆ, ವಿಗ್ರಹದ ಪೀಠವಾಗಿ. 1986ರಲ್ಲಿ ಚಾವಣಿ ಕುಸಿದ ಮೇಲೇ ಅದು ಬೆಳಕಿಗೆ ಬಂದದ್ದು. ಇನ್ನೊಬ್ಬರ ಮಾತು ಕೇಳು ಎಂದ ಕಲ್ಲಿನ ಬಾಯಿಯ ಮೇಲೇ ದೇವರನ್ನು ಕೂರಿಸಿದ್ದರು!

ಹೊರಗಿನವರಿಗೆ ಇಷ್ಟು ಸಾಕು. ಇನ್ನು ಮನೆಯೊಳಗಿನ ಮಾತು.

1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಆಮೇಲೆ ಎಷ್ಟು ಬಣವಾಯಿತು, ಲೆಕ್ಕ ಇಟ್ಟವರು ಯಾರು? ಒಂದೇ ಕೇರಿಯಲ್ಲಿ ಎರಡು ಬೋರ್ಡು, ಎರಡು ಅಂಬೇಡ್ಕರ್ ಜಯಂತಿ. ಒಳಮೀಸಲಾತಿಯ ಪ್ರಶ್ನೆ ನೋಡಿ. ಸದಾಶಿವ ಆಯೋಗ ನೇಮಕವಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ, ರಾಜ್ಯಗಳು ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟ್ 1ರಂದು. ಇಷ್ಟು ವರ್ಷ ಎಡ-ಬಲ ಅಂತ ಮುಖ ತಿರುಗಿಸಿ ಕೂತ ಮುಖಂಡರು ಎಷ್ಟು ಸಲ ಎದುರುಬದುರು ಕೂತು ಅಂಕಿಅಂಶ ಹರಡಿಕೊಂಡು ಮಾತಾಡಿದರು? ಹೊಲೆಯರು, ಮಾದಿಗರು, ಭೋವಿ, ಲಂಬಾಣಿಗಳ ದನಿಯಾದರೂ ಕೇಳುತ್ತದೆ. ಊರೇ ಇಲ್ಲದ ಅಲೆಮಾರಿಗಳ ದನಿ ಯಾರ ಮೈಕಿನಲ್ಲಿ ಕೇಳಿದೆ?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಭಿಕ್ಕು ಸಂಘವನ್ನು ನೆನಪಿಸಿದರು. ಆಸನದ ಕ್ರಮ, ಗೊತ್ತುವಳಿ, ಕೋರಂ, ಮತ ಎಣಿಕೆ, ಗುಪ್ತ ಮತದಾನ ಎಲ್ಲವೂ ಆ ಸಂಘಕ್ಕೆ ಗೊತ್ತಿತ್ತು ಎಂದರು. ಭಿನ್ನಾಭಿಪ್ರಾಯ ಇದ್ದೇ ಇರುತ್ತದೆ ಎಂದು ತಿಳಿದವರು ಮಾತ್ರ ಇಂಥ ನಿಯಮ ಕಟ್ಟುತ್ತಾರೆ. ನಮ್ಮ ಸಮಿತಿಗಳಲ್ಲಿ ಇದರಲ್ಲಿ ಯಾವುದಿದೆ? ಎದುರು ಮಾತಾಡಿದವನು ಬೆಳಗಾಗುವುದರೊಳಗೆ ದ್ರೋಹಿ. ಆ ದ್ರೋಹಿ ಮಧ್ಯಾಹ್ನಕ್ಕೆ ಇನ್ನೊಂದು ಸಂಘಟನೆಯ ರಾಜ್ಯಾಧ್ಯಕ್ಷ!

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ಕೋಸಂಬಿಯ ಜನ ನಾವೇ. ಚಂದಾ ಕೊಡುವವರು ನಾವು, ಲಾರಿ ಹತ್ತಿ ಸಮಾವೇಶ ತುಂಬಿಸುವವರು ನಾವು, ಜೈಕಾರ ಕೂಗುವವರು ನಾವು. ಒಂದೇ ಚಾಪೆಯ ಮೇಲೆ ಕೂತು ಎಲ್ಲರ ಮಾತು ಕೇಳದ ಮುಖಂಡನಿಗೆ, ಅವನು ಯಾವ ಬಣದವನೇ ಆಗಲಿ, ಚಂದಾ ನಿಲ್ಲಿಸೋಣ. ಚಾಪೆ ಹಾಸುವವರೂ ನಾವೇ ಆಗೋಣ. ಅದರ ಮೇಲೆ ಮೊದಲ ಮಾತು ಅಲೆಮಾರಿಯದಾಗಲಿ. ಜಗಳ ರಾತ್ರಿಯೆಲ್ಲಾ ನಡೆಯಲಿ. ಯಾರೂ ಎದ್ದು ಹೋಗೋದು ಬೇಡ.