ವರ್ತೂರು ಕೆರೆ ಬೋರ್ಡಲ್ಲಿ ನೀರುಗಂಟಿ ಹೆಸರು ಎಲ್ಲಿ?



ವರ್ತೂರು ಕೆರೆನ ಪ್ರವಾಸಿ ತಾಣ ಮಾಡಬೇಕು ಅನ್ನೋ ಮಾತು ಆಗಾಗ ಕೇಳ್ತಾ ಇರ್ತೀವಿ. ವಾಕಿಂಗ್ ಪಾತ್, ದೋಣಿ, ಹಕ್ಕಿ ನೋಡೋ ಜಾಗ. ಮಾಡಲಿ, ನನ್ನ ತಕರಾರಿಲ್ಲ. ಬೆಂಗಳೂರಲ್ಲಿ ಬೆಳ್ಳಂದೂರು ಬಿಟ್ಟರೆ ಇದೇ ದೊಡ್ಡ ಕೆರೆ, ಸುಮಾರು 450 ಎಕರೆ. 2015ರಲ್ಲಿ ಇದರ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡೀತಿದ್ದಾಗ ವಿದೇಶದ ಕ್ಯಾಮೆರಾಗಳೂ ಬಂದಿದ್ದವು. ಅದೂ ಒಂಥರಾ ಪ್ರವಾಸೋದ್ಯಮವೇ ಅನ್ನಿ!

ನನ್ನ ಪ್ರಶ್ನೆ ಬೇರೆ. ಇತಿಹಾಸ ಅಂತ ಬೋರ್ಡ್ ನೆಡ್ತಾರಲ್ಲ, ಅದರಲ್ಲಿ ಯಾರಿರ್ತಾರೆ? ಗಂಗರು, ಚೋಳರು ಅಂತ ರಾಜರಿಂದ ಶುರು, ರಾಜರಲ್ಲೇ ಮುಗೀತು. ಕೆರೆ ಕಟ್ಟಿಸಿದೋರು ಯಾರೇ ಇರಲಿ, ನೂರಾರು ವರ್ಷ ಅದನ್ನ ಉಳಿಸಿದ್ದು ನೀರುಗಂಟಿ. ಹಳೇ ಮೈಸೂರಿನ ಹಳ್ಳಿಗಳ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಬೆಂಗಳೂರು, ಕೋಲಾರದ ಕಡೆ ಈ ಕೆಲಸ ಮಾಡಿದೋರು ಹೆಚ್ಚಾಗಿ ನಮ್ಮೋರೇ. ತೂಬು ಎತ್ತೋದು, ಕಾಲುವೆ ಕೊನೆಯ ಗದ್ದೆಗೂ ಸರದಿ ಪ್ರಕಾರ ನೀರು ಮುಟ್ಟಿಸೋದು, ಜೋರು ಮಳೆಯ ರಾತ್ರಿ ಏರಿ ಎಲ್ಲಾದರೂ ಸೋರ್ತಿದೆಯಾ ಅಂತ ಕಾಯೋದು. ಕೂಲಿ ಅಂದ್ರೆ ಸುಗ್ಗೀಲಿ ಕಣದಲ್ಲಿ ಅಳೆದು ಕೊಟ್ಟಷ್ಟು ಕಾಳು, ಜೊತೆಗೆ ಒಂದು ತುಂಡು ಇನಾಮ್ತಿ ಜಮೀನು. ಊರಿನ ಗದ್ದೆಗೆಲ್ಲ ನೀರು ಹಂಚಿದ ಕೈ ಊರಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದದ್ದು ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹುದ್ದೆ ಹೋಯಿತು. ಇನಾಮ್ತಿ ಜಮೀನು ಮರುಮಂಜೂರು ಮಾಡಿಸಿಕೊಳ್ಳೋಕೆ ಅವಕಾಶ ಇತ್ತು. ಗುಮಾಸ್ತನಾಗಿ ಕಡತಗಳ ಮಧ್ಯೆ ಬದುಕೋ ನನಗೆ ಗೊತ್ತು, ಓದು ಬರಹ ಬಾರದೋರಿಗೆ ‘ಅವಕಾಶ’ ಅಂದ್ರೆ ಏನು ಅಂತ. ಅರ್ಜಿ ಹಾಕೋದೇ ಗೊತ್ತಿಲ್ಲದೋರು, ಹಾಕಿ ಅಲೆದು ಸುಸ್ತಾದೋರು, ಸಿಕ್ಕಿದ್ದನ್ನ ಮದುವೆ ಸಾಲಕ್ಕೆ ಮಾರಿದೋರು, ಎಲ್ಲರೂ ನಮ್ಮ ಕೇರಿಗಳಲ್ಲಿ ಸಿಗ್ತಾರೆ. ಆ ಎಕರೆಗಳ ರೇಟು ಈಗ ಕೇಳಬೇಡಿ.

ನೀರು ಹಂಚೋನು ಹೋದ, ನಗರದ ಕೊಳಚೆ ಬಂತು. 2018ರ ಡಿಸೆಂಬರಲ್ಲಿ ಹಸಿರು ನ್ಯಾಯಮಂಡಳಿ ಬೆಳ್ಳಂದೂರು, ವರ್ತೂರು ಕೆರೆಗಳಿಗಾಗಿ 500 ಕೋಟಿ ತೆಗೆದಿಡಿ ಅಂತ ಸರ್ಕಾರಕ್ಕೆ ಹೇಳಿತು. ಹೂಳೆತ್ತೋ ಕೆಲಸಾನೂ ನಡೀತು. ಇಷ್ಟು ದುಡ್ಡಿನ ಲೆಕ್ಕದಲ್ಲಿ ನೀರುಗಂಟಿ ಅನ್ನೋ ಪದಕ್ಕೆ ಒಂದು ಸಾಲು ಜಾಗ ಇಲ್ವಾ?

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು. ತೂಬಿನ ಹತ್ತಿರ ನೀರುಗಂಟಿ ಮನೆತನಗಳ ಹೆಸರು ಕಲ್ಲಲ್ಲಿ ಕೆತ್ತಿಸಿ. ಹುಲ್ಲು ಕೊಯ್ಯೋರಿಗೆ, ಮೀನು ಹಿಡಿಯೋರಿಗೆ ಗೇಟು, ಟಿಕೆಟ್ಟು ಅಡ್ಡ ಇಡಬೇಡಿ. ಕೆಲಸ ಕೊಡೋದಾದರೆ ನಮ್ಮ ಹುಡುಗರಿಗೆ ಬರೀ ಪೊರಕೆ ಕೊಡಬೇಡಿ. ದೋಣಿ, ಟಿಕೆಟ್ ಕೌಂಟರ್, ಗೈಡ್ ಕೆಲಸಾನೂ ಕೊಡಿ. ಈ ಕೆರೆ ಕಥೆ ಅವರಷ್ಟು ಚೆನ್ನಾಗಿ ಬೇರೆ ಯಾರು ಹೇಳ್ತಾರೆ?

ಮುಂದಿನ ವಾರ ಮನವಿ ಬರೆಯೋಕೆ ಕೂರ್ತೀನಿ. ನಿಮ್ಮ ಅಜ್ಜ, ಮುತ್ತಜ್ಜ ಯಾರಾದರೂ ನೀರುಗಂಟಿ ಆಗಿದ್ರೆ ಊರು, ಕೆರೆ ಹೆಸರು ಕೆಳಗೆ ಬರೀರಿ. ಹಳೇ ಪಹಣಿ ಮನೇಲಿದ್ರೆ ಜೋಪಾನವಾಗಿಡಿ, ಒಂದು ನಕಲು ನನಗೂ ಬೇಕು.